ಎಫ್.ಸಿ. ಆದ ಮರುದಿನ

ನಿಮಗಿರುವಂತೆ ನಿಮ್ಮ ಶಾಲಾ ಬಸ್ಸಿಗೂ ಪರೀಕ್ಷೆ ಇದೆ. ಅದೇ ಎಫ್.ಸಿ., ಅಂದರೆ ಅರ್ಹತಾ ಪತ್ರದ ತಪಾಸಣೆ. 1988ರ ಮೋಟಾರು ವಾಹನ ಕಾಯಿದೆಯಂತೆ ಈ ಪತ್ರವಿಲ್ಲದ ಬಸ್ಸಿನ ನೋಂದಣಿಯೇ ಊರ್ಜಿತವಲ್ಲ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಬ್ರೇಕು, ಸ್ಟಿಯರಿಂಗು, ದೀಪ, ಹೊಗೆ ಎಲ್ಲವನ್ನೂ ನೋಡುತ್ತಾರೆ.

ಆದರೆ ಪತ್ರ ಹೇಳುವುದು ಆ ಒಂದು ದಿನದ ಸ್ಥಿತಿಯನ್ನು ಮಾತ್ರ. ಒಳ್ಳೆಯ ಟೈರು ಎರವಲು ತಂದು ಪಾಸು ಮಾಡಿಸಿ, ಮರುದಿನ ಸವೆದದ್ದನ್ನೇ ಹಾಕಿಕೊಳ್ಳುವ ಜಾಣರೂ ಇದ್ದಾರೆ! ಮಳೆಯಲ್ಲಿ ಚಕ್ರದಡಿಯ ನೀರನ್ನು ಹೊರತಳ್ಳುವುದು ಟೈರಿನ ಗೀರುಗಳೇ. ಅವು ಸವೆದರೆ ಬ್ರೇಕು ಹಾಕಿದರೂ ಬಸ್ಸು ಜಾರುತ್ತದೆ. ನಿಯಮದಂತೆ ಬಸ್ಸಿನ ಟೈರಿನಲ್ಲಿ ಅವುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಕೂಡದು. ಅಳೆಯಲು ಪಟ್ಟಿ ಬೇಡ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ರಬ್ಬರು ಅವುಗಳ ಮಟ್ಟಕ್ಕೆ ಇಳಿದಿದ್ದರೆ ಆ ಟೈರಿನ ಆಯುಸ್ಸು ಮುಗಿದಂತೆ. ನಾಳೆ ಬಸ್ಸು ನಿಂತಿರುವಾಗ, ಚಾಲಕರಿಗೆ ಹೇಳಿ, ಒಮ್ಮೆ ಬಗ್ಗಿ ನೋಡಿ.