ಗೌರಿಯ ಸಕ್ಕರೆ, ಕೇಕಿನ ಸಕ್ಕರೆ



ಮಗುವಿನ ಹುಟ್ಟುಹಬ್ಬಕ್ಕೆ ಕೇಕನ್ನು ಮನೆಯಲ್ಲೇ ಮಾಡಿ, ಅದರ ಮೇಲೆ ತಮ್ಮ ಕೈಯಿಂದಲೇ ಹೂಬಳ್ಳಿ ಬಿಡಿಸಬೇಕು ಅನ್ನುವ ಆಸೆ ಈಗ ನಮ್ಮ ದಾವಣಗೆರೆ, ಹರಿಹರದ ಎಷ್ಟೋ ಮನೆಗಳಲ್ಲಿದೆ. ಕುಕ್ಕರಿನ ತಳಕ್ಕೆ ಉಪ್ಪು ಹರವಿ ಕೇಕ್ ಬೇಯಿಸುವುದು ಹೇಗೋ ಕೈಗೆ ಹತ್ತುತ್ತದೆ. ಅಲಂಕಾರದ ಹೊತ್ತಿಗೆ ಮಾತ್ರ ಧೈರ್ಯ ಉಡುಗುತ್ತದೆ. ಅದು ಬೇಕರಿಯವರ ವಿದ್ಯೆ, ನಮ್ಮದಲ್ಲ ಅನ್ನಿಸಿಬಿಡುತ್ತದೆ. ನಾನು ಒಪ್ಪುವುದಿಲ್ಲ. ಸಕ್ಕರೆಯಲ್ಲಿ ರೂಪ ಮೂಡಿಸುವ ಕೆಲಸ ಬೇಕರಿಗಳು ಬರುವ ಮೊದಲೇ ಈ ಸೀಮೆಯಲ್ಲಿತ್ತು. ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಹೇಗೆ ತಯಾರಾಗುತ್ತದೆ ಎಂದು ನಿಂತು ನೋಡಿದವರಿಗೆ ಕೇಕಿನ ಮೇಲಿನ ಸಕ್ಕರೆಯ ಗುಟ್ಟು ಅರ್ಧ ತಿಳಿದಂತೆಯೇ.

ಗಣಪತಿಯ ಹಿಂದಿನ ದಿನ ಬರುವ ಗೌರಿಯ ಮಾತಲ್ಲ ಇದು. ದೀಪಾವಳಿ ಕಳೆದು ಹದಿನೈದು ದಿನಕ್ಕೆ, ಕಾರ್ತಿಕದ ಹುಣ್ಣಿಮೆಗೆ ಬರುವ ಗೌರಿ. ಗುಡಿಯಲ್ಲೋ ಓಣಿಯ ದೊಡ್ಡ ಮನೆಯಲ್ಲೋ ಗೌರಮ್ಮನನ್ನು ಕೂರಿಸಿರುತ್ತಾರೆ. ಸಂಜೆಯಾದರೆ ಹೊಸ ಸೀರೆ, ಲಂಗ ದಾವಣಿ ತೊಟ್ಟ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆಯ ಗೊಂಬೆಗಳನ್ನು ಜೋಡಿಸಿ, ನಡುವೆ ದೀಪ ಹಚ್ಚಿಟ್ಟುಕೊಂಡು, ಹಾಡು ಹೇಳುತ್ತ ಹೋಗಿ ಆರತಿ ಬೆಳಗುತ್ತಾರೆ. ಗೋಪುರ, ತೇರು, ಆನೆ, ಕುದುರೆ, ನವಿಲು, ಬಸವಣ್ಣ, ಶಿವ ಪಾರ್ವತಿ, ಎಲ್ಲವೂ ಸಕ್ಕರೆಯವು. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಕಡೆಯಿಂದ ಸೀರೆ, ಹೂವಿನ ದಂಡೆಯ ಜೊತೆ ಸಕ್ಕರೆ ಆರತಿಯೂ ಬರಬೇಕು. ಬೀಗರ ಮನೆಯಿಂದ ಎಷ್ಟು ಕೆಜಿ ಬಂತು ಎಂದು ಓಣಿಯವರು ಲೆಕ್ಕ ಹಾಕುವುದೂ ಉಂಟು. ಆ ಲೆಕ್ಕವನ್ನು ಬಿಟ್ಟರೆ ಹಬ್ಬದ ರುಚಿ ಕಡಿಮೆಯೇನೂ ಆಗದು.

ಧಾರವಾಡ, ಗದಗ, ಹಾವೇರಿ ಕಡೆ ಈ ಆರತಿ ಬಹಳ ಜೋರು. ಮೈಸೂರು, ಬೆಂಗಳೂರು ಕಡೆಯವರಿಗೆ ಸಕ್ಕರೆ ಅಚ್ಚು ಅಂದರೆ ಸಂಕ್ರಾಂತಿಯ ಎಳ್ಳು ಬೀರುವ ತಟ್ಟೆ ನೆನಪಾಗುತ್ತದೆ. ನಮ್ಮಲ್ಲಿ ಎರಡೂ ಉಂಟು, ಅದಕ್ಕೆ ಕಾರಣವೂ ಉಂಟು. 1956ಕ್ಕೆ ಮೊದಲು ಹರಿಹರ ಮೈಸೂರು ರಾಜ್ಯದ ಗಡಿಯ ಊರು. ತುಂಗಭದ್ರೆ ದಾಟಿದರೆ ರಾಣೇಬೆನ್ನೂರು, ಅದು ಮುಂಬಯಿ ಪ್ರಾಂತ್ಯ. ಸರ್ಕಾರಗಳು ಬೇರೆ ಬೇರೆ ಆಗಿದ್ದರೂ ಹೆಣ್ಣು ಕೊಟ್ಟು ತರುವುದು ನಿಂತಿರಲಿಲ್ಲ. ಸೊಸೆಯಂದಿರ ಜೊತೆಗೇ ಹಬ್ಬಗಳೂ ಹೊಳೆ ದಾಟಿದವು.

ಈಗ ಒಲೆಯ ಹತ್ತಿರ ಹೋಗೋಣ. ಆರತಿಯ ಅಚ್ಚು ಮರದ್ದು, ಬಡಿಗರು ಕೆತ್ತಿದ್ದು. ಎರಡು ಹಲಗೆಗಳಲ್ಲಿ ಅರ್ಧರ್ಧ ಆಕಾರ ಇರುತ್ತದೆ, ಎರಡನ್ನೂ ಕೂಡಿಸಿ ದಾರದಿಂದ ಬಿಗಿಯುತ್ತಾರೆ. ಎರಡು ಅರ್ಧ ಸೇರಿ ಒಂದು ಮೂರ್ತಿಯಾಗುವುದನ್ನು ಹರಿಹರೇಶ್ವರನ ಊರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಅಚ್ಚನ್ನು ಮೊದಲೇ ನೀರಿನಲ್ಲಿ ನೆನೆಸಿಡಬೇಕು. ಮರದ ಸೂಕ್ಷ್ಮ ರಂಧ್ರಗಳಲ್ಲಿ ನೀರು ತುಂಬಿಕೊಂಡಿದ್ದರೆ ಪಾಕ ಒಳಗಿಳಿಯಲು ಜಾಗವಿರುವುದಿಲ್ಲ, ಗೊಂಬೆ ಅಂಟದೆ ಬಿಟ್ಟುಕೊಳ್ಳುತ್ತದೆ. ಒಣ ಅಚ್ಚಿಗೆ ಸುರಿದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿದೀತು.

ಕ್ರಿಸ್‌ಮಸ್ಸಿಗೆ ಕ್ರೈಸ್ತರ ಮನೆಗಳಲ್ಲಿ ಗುಲಾಬಿ ಹೂವಿನ ಆಕಾರದ ತಿಂಡಿ ಕರಿಯುತ್ತಾರೆ. ಅದಕ್ಕೆ ಕಬ್ಬಿಣದ ಅಚ್ಚು, ಅದನ್ನು ಕಾದ ಎಣ್ಣೆಯಲ್ಲಿ ಬಿಸಿ ಮಾಡಿಕೊಂಡೇ ಹಿಟ್ಟಿಗೆ ಅದ್ದಬೇಕು. ಅಲ್ಲಿ ಹಿಟ್ಟು ಅಚ್ಚನ್ನು ಹಿಡಿಯಬೇಕು, ಆಮೇಲೆ ಎಣ್ಣೆಯಲ್ಲಿ ಬಿಡಬೇಕು. ಸಕ್ಕರೆಯದು ಹಾಗಲ್ಲ, ಅದು ಹಿಡಿಯಲೇಬಾರದು. ಒಂದಕ್ಕೆ ಬಿಸಿ ಅಚ್ಚು, ಇನ್ನೊಂದಕ್ಕೆ ಒದ್ದೆ ಅಚ್ಚು.

ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಸ್ವಲ್ಪ ಹಾಲು ಹಾಕುತ್ತಾರೆ. ಅದು ರುಚಿಗಲ್ಲ. ಹಾಲಿನ ಪ್ರೋಟೀನು ಬಿಸಿಗೆ ಗಟ್ಟಿಯಾಗುವಾಗ ಸಕ್ಕರೆಯ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಆ ನೊರೆ ತೆಗೆದು ಬಟ್ಟೆಯಲ್ಲಿ ಸೋಸಿದರೆ ತಿಳಿಯಾದ ಪಾಕ. ಅದನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು ಮತ್ತೆ ಕುದಿಸಬೇಕು. ನೀರು ಆವಿಯಾದಂತೆ ಕುದಿಯುವ ಬಿಸಿ ನೂರು ಡಿಗ್ರಿ ದಾಟಿ ಏರುತ್ತ ಹೋಗುತ್ತದೆ. 112ರಿಂದ 115 ಡಿಗ್ರಿಯ ಹೊತ್ತಿಗೆ ಪಾಕದ ನೂರು ಭಾಗದಲ್ಲಿ ಸುಮಾರು 85 ಭಾಗ ಸಕ್ಕರೆಯೇ. ಇನ್ನು ಲೆಕ್ಕ ನೋಡಿ. ತಣ್ಣನೆಯ 100 ಗ್ರಾಂ ನೀರು ಕರಗಿಸಿ ಇಟ್ಟುಕೊಳ್ಳಬಲ್ಲದ್ದು ಸುಮಾರು 200 ಗ್ರಾಂ ಸಕ್ಕರೆಯನ್ನು. ಈ ಪಾಕದಲ್ಲಿ ಅಷ್ಟೇ ನೀರಿಗೆ 550 ಗ್ರಾಂಗೂ ಹೆಚ್ಚು ಸಕ್ಕರೆ ಸೇರಿಕೊಂಡಿದೆ. ಪಾಕ ಆರುತ್ತಿದ್ದಂತೆ ಹೆಚ್ಚಿನ ಸಕ್ಕರೆ ಹರಳಾಗಿ ಹೊರಬರಲೇಬೇಕು. ಆಗ ಸೌಟಿನಿಂದ ಪಾತ್ರೆಯ ಬದಿಗೆ ಉಜ್ಜಿ ತಿರುವುತ್ತಾರಲ್ಲ, ಆ ಉಜ್ಜುವಿಕೆಯಿಂದ ಲಕ್ಷಾಂತರ ಸಣ್ಣ ಹರಳುಗಳು ಒಟ್ಟಿಗೇ ಹುಟ್ಟುತ್ತವೆ. ತಿಳಿ ಪಾಕ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಕ್ಷಣಕ್ಕೆ ಅಚ್ಚಿಗೆ ಸುರಿಯಬೇಕು. ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಮೊದಲೇ ಸುರಿದರೆ ಹರಳು ದಪ್ಪವಾಗಿ, ಗೊಂಬೆ ಒರಟಾಗುತ್ತದೆ.

ನಿಂಬೆಹುಳಿಯ ವಿಷಯ ಒಂದಿದೆ. ಹುಳಿ ಬಿದ್ದರೆ ಸಕ್ಕರೆಯ ಒಂದಷ್ಟು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವು ಹರಳು ಬೆಳೆಯುವುದಕ್ಕೆ ಅಡ್ಡ ನಿಲ್ಲುತ್ತವೆ. ಎರಡು ಹನಿ ಬಿದ್ದರೆ ಹರಳು ನಯವಾಗುತ್ತದೆ. ಕೈ ಜಾರಿ ಹೆಚ್ಚಾದರೆ ಗೊಂಬೆ ಎಷ್ಟು ಹೊತ್ತಾದರೂ ಗಟ್ಟಿಯಾಗದೆ ಜಿಗಿಜಿಗಿ ಅನ್ನುತ್ತದೆ.

ಜಾತ್ರೆಯ ಬತ್ತಾಸಿನದೂ ಇದೇ ಸಕ್ಕರೆ. ಪಾಕಕ್ಕೆ ಸೋಡಾ ಬಿದ್ದು ಗಾಳಿಗುಳ್ಳೆ ತುಂಬಿಕೊಂಡು ಹಗುರಾಗಿರುತ್ತದೆ, ಅಷ್ಟೇ. ಕುಸುರೆಳ್ಳಿನಲ್ಲಿ ಎಳ್ಳಿನ ಮೇಲೆ ಪಾಕವನ್ನು ಚಮಚ ಚಮಚವಾಗಿ ಬಿಟ್ಟು, ಸಣ್ಣ ಉರಿಯಲ್ಲಿ ಬೆರಳಿನಿಂದ ಆಡಿಸುತ್ತ ಪದರದ ಮೇಲೆ ಪದರ ಕೂರಿಸುತ್ತಾರೆ. ಕೇಕಿನ ಮೇಲೆ ಉದುರಿಸುವ ಬಣ್ಣಬಣ್ಣದ ಸಕ್ಕರೆ ಕಾಳು ಇದರ ದಾಯಾದಿ. ಹೊರಗಿನ ಲೋಕದಲ್ಲೂ ಈ ಕೆಲಸಕ್ಕೆ ನಂಟರಿದ್ದಾರೆ. ಈಜಿಪ್ಟಿನಲ್ಲಿ ಪ್ರವಾದಿಯವರ ಜನ್ಮದಿನದ ಹಬ್ಬಕ್ಕೆ ಮರದ ಅಚ್ಚಿನಲ್ಲಿ ಸಕ್ಕರೆಯ ಮದುಮಗಳು, ಕುದುರೆ ಸವಾರ ಎರೆಯುತ್ತಾರೆ. ಮೆಕ್ಸಿಕೋದಲ್ಲಿ ನವೆಂಬರ್ ಮೊದಲಲ್ಲಿ ಹಿರಿಯರ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆಗಳನ್ನೇ ಮಾಡಿಡುತ್ತಾರೆ.

ಕೇಕಿನ ವಿಚಾರಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಆರತಿಗೆ ಸಕ್ಕರೆ ಹರಳುಗಟ್ಟಿ ನಿಲ್ಲಬೇಕು. ಕೇಕಿನ ಮೇಲಿನ ಸಕ್ಕರೆಯಲ್ಲಿ ಹರಳು ನಾಲಗೆಗೆ ಸಿಗಲೇಬಾರದು. ಅದಕ್ಕೇ ಐಸಿಂಗ್ ಸಕ್ಕರೆಯನ್ನು ಹಿಟ್ಟಿನಂತೆ ಬೀಸಿರುತ್ತಾರೆ, ಗಂಟು ಕಟ್ಟದಿರಲಿ ಎಂದು ಮೆಕ್ಕೆಜೋಳದ ಪಿಷ್ಟ ಬೆರೆಸಿರುತ್ತಾರೆ. ಮೆಕ್ಕೆಜೋಳಕ್ಕೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ ಬಿಡಿ. ಮನೆಯ ಮಿಕ್ಸಿಯಲ್ಲಿ ಸಕ್ಕರೆ ಪುಡಿ ಮಾಡಿಕೊಳ್ಳುವವರು ಎರಡು ಸಲ ಜರಡಿ ಹಿಡಿದು, ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿಕೊಳ್ಳಿ.

ಇನ್ನು ಈ ಸಕ್ಕರೆಯ ಜೊತೆ ಕಡೆದು ಹೂವು ಬಿಡಿಸುವ ಬೆಣ್ಣೆ. ಬೆಣ್ಣೆದೋಸೆಯ ಊರಿನಲ್ಲಿ ಬೆಣ್ಣೆಯ ಬಗ್ಗೆ ಮಾತಾಡುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೂ ದೋಸೆಗೆ ಒಪ್ಪುವ ಬೆಣ್ಣೆ ಕೇಕಿಗೆ ಹಾಗೇ ಒಪ್ಪುವುದಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು, ಮಜ್ಜಿಗೆ ಉಳಿದಿರುತ್ತದೆ. ಸಕ್ಕರೆ ಸೇರಿಸಿ ಕಡೆದಾಗ ಅದು ಒಡೆಯುತ್ತದೆ. ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಹಿಂಡಿ ನೀರು ತೆಗೆಯಬೇಕು. ಅಂಗಡಿಯ ಟೇಬಲ್ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು ಇರಲೇಬೇಕೆಂದು ನಿಯಮವಿದೆ, ಅದು ಸುಲಭ. ಉಪ್ಪಿಲ್ಲದ್ದನ್ನು ಕೇಳಿ ತನ್ನಿ. ಬೆಣ್ಣೆ 32-35 ಡಿಗ್ರಿಗೆ ಪೂರ್ತಿ ನೀರಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲು ಅದನ್ನು ಸುಲಭವಾಗಿ ಮೀರುತ್ತದೆ. ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳಿಗೆ ಬೆಣ್ಣೆಯ ಹೂವು ಬೇಡ, ಐಸಿಂಗ್ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಬಳಿಯುವ ಗ್ಲೇಜ್ ಸಾಕು. ಬೆಣ್ಣೆಯ ಕೆಲಸಕ್ಕೆ ನವೆಂಬರಿನಿಂದ ಜನವರಿ ಒಳ್ಳೆಯ ಕಾಲ.

ಹೂವು ಬಿಡಿಸಲು ಕೈ ಎಲ್ಲಿಂದ ತರೋಣ ಎನ್ನುವವರು ಮನೆಯಲ್ಲಿ ಮೆಹಂದಿ ಕೋನ್ ಹಿಡಿಯುವ ಹುಡುಗಿಯನ್ನು ಕರೆಯಿರಿ. ಬಟರ್ ಪೇಪರ್ ಸುತ್ತಿ ಕೋನ್ ಮಾಡಿ, ತುದಿ ಕತ್ತರಿಸಿ, ಒಂದೇ ಸಮ ಒತ್ತುತ್ತ ಗೆರೆ ಎಳೆಯುವುದು ಆಕೆಗೆ ಬಂದೇ ಬರುತ್ತದೆ. ತಟ್ಟೆಯ ಹಿಂಬದಿಗೆ ಒಂದೆರಡು ಸಲ ಎಳೆದು ನೋಡಿದರೆ ಸಾಕು.

ಬಣ್ಣದ ಬಗ್ಗೆ ಮಾತ್ರ ನಾನು ಸ್ವಲ್ಪ ಕಟುವಾಗಿ ಹೇಳಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣ ನಿಷೇಧಿಸಿತು. ಅದೇ ವರ್ಷ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು. ಕಡುಗೆಂಪು ಕೇಕು, ಬ್ಲ್ಯಾಕ್ ಫಾರೆಸ್ಟ್ ಬಗೆಯವೇ ಮುಖ್ಯವಾಗಿ ಸುದ್ದಿಯಾದವು. ಕಣ್ಣಿಗೆ ಹೊಡೆಯುವ ಕೆಂಪು ಬೇಕೆಂದು ಕೇಳುವವರು ನಾವೇ ಅಲ್ಲವೇ? ಮನೆಯಲ್ಲಿ ಬೀಟ್‌ರೂಟ್ ಇದೆ, ಅರಿಶಿನ ಇದೆ, ಕೇಸರಿ ಇದೆ. ಬೀಟ್‌ರೂಟಿನ ಬಣ್ಣ ಬಿಸಿಗೆ ಮಾಸುತ್ತದೆ, ಆದ್ದರಿಂದ ಕುದಿಯುವ ಪಾಕಕ್ಕೆ ಬೇಡ, ತಣ್ಣನೆಯ ಬೆಣ್ಣೆಗೆ ಬೆರೆಸಿ. ಅರಿಶಿನದ ಜೊತೆ ಸೋಡಾ ಸೇರಿಸಬೇಡಿ, ಹಳದಿ ಹೋಗಿ ಕೆಂಪಾಗುತ್ತದೆ.

ಕೊನೆಗೆ ಒಂದು ಉಪಾಯ. ಅಟ್ಟದ ಮೇಲೆ ಹಳೆಯ ಆರತಿ ಅಚ್ಚು ಇದ್ದರೆ ಇಳಿಸಿ, ಬಿಸಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಹಾಲಿನ ಪುಡಿ, ಐಸಿಂಗ್ ಸಕ್ಕರೆ, ಡಬ್ಬಿಯ ಸಿಹಿ ಮಂದಹಾಲು ಸಮಸಮ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿಕೊಳ್ಳಿ. ಈ ಸಲ ಅಚ್ಚು ಒದ್ದೆಯಾಗಿರಬಾರದು. ಒಳಗೆ ಕಾರ್ನ್‌ಫ್ಲೋರ್ ಉದುರಿಸಿ, ಹಿಟ್ಟನ್ನು ಒಂದೇ ಹಲಗೆಗೆ ಒತ್ತಿ, ಅಂಚನ್ನು ಚಾಕುವಿನಿಂದ ಸವರಿ, ಮೆಲ್ಲಗೆ ಬೋರಲು ತಟ್ಟಿ. ಬಂದ ನವಿಲನ್ನು ಒಂದು ರಾತ್ರಿ ಆರಲು ಬಿಟ್ಟು ಕೇಕಿನ ಬದಿಗೆ ಒರಗಿಸಿ. ನಿಲ್ಲದಿದ್ದರೆ ಹಿಂದೆ ಒಂದು ಕಡ್ಡಿ ಚುಚ್ಚಬಹುದು. ಮಕ್ಕಳ ಕೈಗೆ ಕೊಡುವ ಮೊದಲು ಕಡ್ಡಿ ತೆಗೆಯುವುದನ್ನು ಮರೆಯಬೇಡಿ.