ನಾಲ್ಕನೆಯ ಸರದಿಗೆ ಬರುವವನು

ಪಂಟರ್ ಎಂದೊಡನೆ ನಮ್ಮಲ್ಲಿ ಹಲವರಿಗೆ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಕುದುರೆಯ ಮೇಲೆ ದುಡ್ಡು ಕಟ್ಟುವವರು ನೆನಪಾಗಬಹುದು. ಕ್ರಿಕೆಟ್ ಪ್ರಿಯರಿಗೆ ರಿಕಿ ಪಾಂಟಿಂಗ್ ನೆನಪಾದಾರು, ಅವರ ಅಡ್ಡಹೆಸರೇ ಅದು. ನಾನು ಇವತ್ತು ಹೇಳಹೊರಟಿರುವ ಪಂಟರ್ ಬೇರೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಿಂದ ಬಿಟ್ಟು, ಅದು ನೆಲ ಮುಟ್ಟುವ ಮೊದಲೇ ಒದ್ದು, ಎದುರಾಳಿಗೆ ಒಪ್ಪಿಸಿಬಿಡುವುದೇ ಇವನ ಕೆಲಸ. ಇಷ್ಟಕ್ಕೆ ಸಂಬಳ ಕೊಟ್ಟು ಒಬ್ಬನನ್ನು ಇಟ್ಟುಕೊಳ್ಳಬೇಕೇ ಎನ್ನುತ್ತೀರಾ? ಅಮೆರಿಕದವರಲ್ಲೂ ಅನೇಕರು ಹಾಗೆಯೇ ಕೇಳುತ್ತಿದ್ದರು.

ಮಗನ ಮನೆಗೋ ಮಗಳ ಮನೆಗೋ ಎಂದು ಅಮೆರಿಕಕ್ಕೆ ಹೋಗಿಬಂದವರು ಈ ಆಟವನ್ನು ಟಿವಿಯಲ್ಲಿ ನೋಡಿ, "ಇದೇನಪ್ಪಾ, ನಾಲ್ಕು ಹೆಜ್ಜೆ ಓಡುತ್ತಾರೆ, ಬೀಳುತ್ತಾರೆ, ಮತ್ತೆ ಗುಂಪುಗೂಡಿ ಮಾತಾಡುತ್ತಾರೆ" ಎಂದು ಬೇಸರಪಟ್ಟಿರಬಹುದು. ಲೆಕ್ಕ ಅಂಥ ಕಷ್ಟದ್ದೇನಲ್ಲ. ನೂರು ಗಜದ ಮೈದಾನ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಸರದಿಯೊಳಗೆ ಹತ್ತು ಗಜ ಮುಂದೆ ಹೋಗಬೇಕು. ಮೂರು ಸರದಿ ಮುಗಿದರೂ ಆಗಲಿಲ್ಲವೆನ್ನಿ. ನಾಲ್ಕನೆಯದರಲ್ಲಿ ಸಾಹಸ ಮಾಡಿ ಸೋತರೆ ಚೆಂಡು ಅಲ್ಲಿಯೇ ಎದುರಾಳಿಯ ಪಾಲಾಗುತ್ತದೆ. ಹೇಗೂ ಕೊಡಬೇಕಾದ ಚೆಂಡನ್ನು ಆದಷ್ಟು ದೂರದಲ್ಲಿ ಕೊಡೋಣ ಎಂದು ಆಗ ಪಂಟರನನ್ನು ಕಳಿಸುತ್ತಾರೆ. ಅಂದರೆ ತನ್ನ ತಂಡ ಕೈಚೆಲ್ಲಿದ ಗಳಿಗೆಯಲ್ಲೇ ಅವನ ಕೆಲಸ ಶುರು. ನೋಡುವವರು ತಿಂಡಿ ತರಲು ಏಳುವುದೂ ಆಗಲೇ.

ಈ ಕೆಲಸಕ್ಕೆ ಒಂದು ಮರ್ಯಾದೆ ತಂದುಕೊಟ್ಟವರು ರೇ ಗೈ. ಜಾರ್ಜಿಯಾ ರಾಜ್ಯದಲ್ಲಿ 1949ರಲ್ಲಿ ಹುಟ್ಟಿದವರು. ಸದರ್ನ್ ಮಿಸ್ಸಿಸ್ಸಿಪ್ಪಿ ವಿಶ್ವವಿದ್ಯಾಲಯದಲ್ಲಿದ್ದಾಗ 1972ರಲ್ಲಿ ಒಂದು ಸಲ 93 ಗಜದ ಪಂಟ್ ಹೊಡೆದರು. ನೂರು ಗಜದ ಮೈದಾನದಲ್ಲಿ 93! ಬರೀ ಒದೆಯುವವರಲ್ಲ, ರಕ್ಷಣೆಯ ಸಾಲಿನಲ್ಲೂ ಆಡುತ್ತಿದ್ದರು. ಬೇಸ್‌ಬಾಲ್ ತಂಡಗಳೂ ಅವರ ಮೇಲೆ ಕಣ್ಣಿಟ್ಟಿದ್ದವು. 1973ರಲ್ಲಿ ಓಕ್‌ಲೆಂಡ್ ರೈಡರ್ಸ್ ತಂಡ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯ ಮೊದಲ ಸುತ್ತಿನಲ್ಲೇ ಅವರನ್ನು ಎತ್ತಿಕೊಂಡಿತು. ಒಟ್ಟು ಆಯ್ಕೆಯಲ್ಲಿ 23ನೆಯವರು. ಪಂಟರನೊಬ್ಬನಿಗಾಗಿ ಮೊದಲ ಸುತ್ತನ್ನು ಯಾರೂ ಅದುವರೆಗೆ ಖರ್ಚು ಮಾಡಿರಲಿಲ್ಲ.

ಈಗ ಆ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಪಂಟರ್ ಸುಮಾರು 15 ಗಜ ಹಿಂದೆ ನಿಂತಿರುತ್ತಾನೆ. ಮುಂದಿನ ಸಾಲಿನವನು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಹಿಡಿಯಬೇಕು, ಮೊಟ್ಟೆಯಾಕಾರದ ಆ ಚೆಂಡನ್ನು ಕೈಯಲ್ಲಿ ಸರಿಯಾಗಿ ತಿರುಗಿಸಿಕೊಳ್ಳಬೇಕು, ಒಂದೆರಡು ಹೆಜ್ಜೆ ಹಾಕಿ ಒದೆಯಬೇಕು. ಎಲ್ಲಾ ಸೇರಿ ಎರಡು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ದೈತ್ಯರಂಥವರು ಮೈಮೇಲೆ ನುಗ್ಗಿ ಬರುತ್ತಿರುತ್ತಾರೆ.

ದೂರ ಒದ್ದರೆ ಸಾಕೇ? ಸಾಲದು. ಚೆಂಡು ದೂರ ಹೋಗಿ ಬೇಗ ಇಳಿದರೆ, ಅದನ್ನು ಹಿಡಿದ ಎದುರಾಳಿ ಸುತ್ತ ಯಾರೂ ಇಲ್ಲದ ಬಯಲಲ್ಲಿ ತಿರುಗಿ ಓಡಿಬರುತ್ತಾನೆ. ಆದ್ದರಿಂದ ಚೆಂಡು ಎತ್ತರಕ್ಕೆ ಹೋಗಿ ಗಾಳಿಯಲ್ಲೇ ತಡೆದು ನಿಲ್ಲಬೇಕು. ತನ್ನವರು ಓಡಿಹೋಗಿ ಅವನನ್ನು ಸುತ್ತುವರಿಯುವಷ್ಟು ಹೊತ್ತು. ಇದಕ್ಕೆ ಹ್ಯಾಂಗ್ ಟೈಮ್ ಎನ್ನುತ್ತಾರೆ. ನೀವು ಕುಳಿತಲ್ಲೇ ಒಂದರಿಂದ ಐದರವರೆಗೆ ನಿಧಾನವಾಗಿ ಎಣಿಸಿ. ಒಳ್ಳೆಯ ಪಂಟ್ ಹೆಚ್ಚುಕಡಿಮೆ ಅಷ್ಟು ಹೊತ್ತು ಮೇಲಿರುತ್ತದೆ. ಗೈ ಅವರ ಹೆಚ್ಚುಗಾರಿಕೆ ಇದರಲ್ಲಿತ್ತು. 1976ರ ಪ್ರೊ ಬೌಲ್ ಪಂದ್ಯದಲ್ಲಿ ಅವರು ಒದ್ದ ಚೆಂಡು ನ್ಯೂ ಆರ್ಲಿಯನ್ಸಿನ ಸೂಪರ್‌ಡೋಮಿನ ಛಾವಣಿಯಿಂದ ತೂಗುಬಿಟ್ಟಿದ್ದ ಟಿವಿ ಪರದೆಗೇ ಬಡಿಯಿತು. ಚೆಂಡಿನಲ್ಲಿ ಹೀಲಿಯಂ ತುಂಬಿದ್ದಾರೆಂಬ ಅನುಮಾನದಿಂದ ಹ್ಯೂಸ್ಟನ್ ತಂಡದವರು ಒಂದು ಚೆಂಡನ್ನು ಪರೀಕ್ಷೆಗೇ ಕಳಿಸಿದರೆಂಬ ಕತೆಯೂ ಪ್ರಸಿದ್ಧ.

ಹದಿನಾಲ್ಕು ವರ್ಷ, 207 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. 1,049 ಪಂಟ್, ಸರಾಸರಿ 42.4 ಗಜ. ಇಂದಿನ ಪಂಟರುಗಳು 45 ಗಜ ದಾಟುವುದು ಮಾಮೂಲಾಗಿರುವುದರಿಂದ ಈ ಸರಾಸರಿ ಸಾಧಾರಣವೆನಿಸೀತು. ಆದರೆ ಸರಾಸರಿಯಲ್ಲಿ ಎತ್ತರ ಕಾಣುವುದಿಲ್ಲ, ತಿರುಗಿ ಓಡಲಾರದೆ ನಿಂತುಬಿಟ್ಟ ಎದುರಾಳಿಯೂ ಕಾಣುವುದಿಲ್ಲ. ಅವರಿದ್ದ ತಂಡ ಮೂರು ಸಲ ಸೂಪರ್ ಬೌಲ್ ಗೆದ್ದಿತು. ಮೂರನೆಯದು 1984ರ ಜನವರಿಯಲ್ಲಿ, ವಾಷಿಂಗ್ಟನ್ ತಂಡದ ಎದುರು. ಆ ಪಂದ್ಯದಲ್ಲಿ ಹಿಂದಕ್ಕೆಸೆದ ಚೆಂಡು ತಲೆಯ ಮೇಲೆ ಹಾರಿಹೋಗುವಂತಿತ್ತು. ಗೈ ನೆಗೆದು ಒಂದೇ ಕೈಯಲ್ಲಿ ಅದನ್ನು ಹಿಡಿದು, ಕೆಳಗಿಳಿದು, ಏನೂ ಆಗಿಲ್ಲವೆಂಬಂತೆ ಒದ್ದರು. ಅದು ತಪ್ಪಿದ್ದರೆ ಏನಾಗುತ್ತಿತ್ತೆಂದು ಅಂಕಪಟ್ಟಿ ಹೇಳುವುದಿಲ್ಲ.

1986ರ ಋತುವಿನೊಂದಿಗೆ ಆಟ ಮುಗಿಸಿದರು. ಆಮೇಲೆ ಕಾಯುವಿಕೆ. ಒಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ 1992ರಲ್ಲೇ ಅಂತಿಮ ಪಟ್ಟಿಯವರೆಗೆ ಹೆಸರು ಬಂತು, ಆಯ್ಕೆಯಾಗಲಿಲ್ಲ. ಮತ್ತೆ ಮತ್ತೆ ಬಂತು, ಮತ್ತೆ ಮತ್ತೆ ಹೋಯಿತು. ಪಂದ್ಯಕ್ಕೆ ಐದಾರು ಸಲ ಮೈದಾನಕ್ಕಿಳಿಯುವವನು ದಿನವಿಡೀ ಪೆಟ್ಟು ತಿನ್ನುವವರ ಸಾಲಿನಲ್ಲಿ ನಿಲ್ಲಬಹುದೇ ಎಂಬುದು ಒಪ್ಪದವರ ವಾದ. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ವರ್ಷವಿಡೀ ಎಲ್ಲ ತಂಡವೂ ಒಬ್ಬ ಪಂಟರನನ್ನು ಸಾಕುತ್ತದಲ್ಲ, ಅದು ಸುಮ್ಮನೆಯೇ?

ವಿಚಿತ್ರ ನೋಡಿ, ಕಾಲೇಜು ಆಟದ ಅತ್ಯುತ್ತಮ ಪಂಟರನಿಗೆ ರೇ ಗೈ ಪ್ರಶಸ್ತಿ ಎಂದು 2000ದಲ್ಲೇ ಕೊಡತೊಡಗಿದ್ದರು. ಪ್ರಶಸ್ತಿಗೆ ಹೆಸರು ಕೊಟ್ಟ ಮನುಷ್ಯ ಮಾತ್ರ ಬಾಗಿಲ ಹೊರಗೇ ಇದ್ದರು. ನಡುವೆ ಸಾಲಸೋಲ ಹೆಚ್ಚಿ ದಿವಾಳಿಯಾದರು. 2011ರಲ್ಲಿ ಅವರ ಮೂರೂ ಸೂಪರ್ ಬೌಲ್ ಉಂಗುರಗಳು ಹರಾಜಾದವು. ಬಂದದ್ದು 96,216 ಡಾಲರ್.

ಕೊನೆಗೆ 2014ರಲ್ಲಿ ಬಾಗಿಲು ತೆರೆಯಿತು. ಪಂಟರನೆಂಬ ಒಂದೇ ಕಾರಣಕ್ಕೆ ಒಳಗೆ ಹೋದ ಮೊದಲಿಗರು ಅವರು, ಆಗ ವಯಸ್ಸು 64. ಈಗ ಈ ಭವನದ ತಂಡ ಪೂರ್ತಿಯಾಯಿತು ಎಂಬರ್ಥದ ಮಾತನ್ನು ಅಂದು ವೇದಿಕೆಯ ಮೇಲೆ ಆಡಿದರು. 2022ರ ನವೆಂಬರ್ 3ರಂದು ತೀರಿಕೊಂಡರು.