ಟಾಕ್ ರೇಡಿಯೋ ಮತ್ತು ನಾವು

(ಕೂಟದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮಿಬ್ಬರನ್ನು ಕರೆದಾಗ ಸಮಿತಿಯವರು ಮಧುಮೇಹದ ಬಗ್ಗೆಯೋ ಕೊಲೆಸ್ಟರಾಲ್ ಬಗ್ಗೆಯೋ ನಾಲ್ಕು ಮಾತಾಡಿ ಎಂದಿದ್ದರು. ಗಂಡ ಹೆಂಡತಿ ಇಬ್ಬರೂ ಡಾಕ್ಟರಾದರೆ ಇನ್ನೇನು ಕೇಳಿಯಾರು! ಆದರೆ ಒಬ್ಬಟ್ಟಿನ ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಮಾತೆತ್ತುವುದು ಅಷ್ಟು ಚೆನ್ನಲ್ಲವೆಂದು ತೋರಿ, ಬೇರೊಂದು ವಿಷಯ ಆರಿಸಿಕೊಂಡಿದ್ದೇವೆ. ಮಾತು ಇಬ್ಬರದು, ಓದುವ ಗಂಟಲು ಮಾತ್ರ ಒಂದು. ತಪ್ಪಿದ್ದರೆ ಬೈಗುಳವನ್ನು ಅರ್ಧರ್ಧ ಹಂಚಿಕೊಳ್ಳುತ್ತೇವೆ.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿನ ಪರೀಕ್ಷೆಗಳನ್ನೆಲ್ಲ ಹೇಗೋ ದಾಟಿ, 2006ರಲ್ಲಿ ರೆಸಿಡೆನ್ಸಿಗೆಂದು ಈ ಟೆನೆಸಿಗೆ ಬಂದಾಗ ನಮ್ಮಲ್ಲಿದ್ದುದು ಒಂದು ಹಳೆಯ ಕಾರು. ಅದರ ಸಿ.ಡಿ. ಪ್ಲೇಯರಿನಲ್ಲಿ ಹಿಂದಿನ ಮಾಲೀಕನ ಒಂದು ಸಿ.ಡಿ. ಸಿಕ್ಕಿಹಾಕಿಕೊಂಡು ಅದು ಹಾಡುತ್ತಲೂ ಇರಲಿಲ್ಲ, ಹೊರಗೂ ಬರುತ್ತಿರಲಿಲ್ಲ. ಉಳಿದದ್ದು ರೇಡಿಯೋ. ಮೂವತ್ತು ಗಂಟೆ ಕೆಲಸ ಮಾಡಿ ಮನೆಗೆ ಹೊರಟವರಿಗೆ ಸಂಗೀತ ಹಾಕಿದರೆ ಸ್ಟಿಯರಿಂಗ್ ಮೇಲೆಯೇ ಜೋಂಪು. ನಿದ್ದೆ ಬಾರದಂತೆ ನೋಡಿಕೊಳ್ಳಲು ಯಾರಾದರೂ ಜಗಳ ಆಡುತ್ತಿರಬೇಕು. ಹಾಗೆ ನಮ್ಮ ಕಾರಿನೊಳಕ್ಕೆ ಬಂದದ್ದು ಟಾಕ್ ರೇಡಿಯೋ, ಅದರಲ್ಲೂ ಕನ್ಸರ್ವೇಟಿವ್ ಟಾಕ್ ರೇಡಿಯೋ.

ನಮಗೆ ಆದ ಆಶ್ಚರ್ಯವನ್ನು ನೀವು ಊಹಿಸಬಲ್ಲಿರಿ. ನಾವು ಬೆಳೆದದ್ದು ಆಕಾಶವಾಣಿ ಕೇಳಿಕೊಂಡು. ಆ ಹೆಸರನ್ನೇ ಕೊಟ್ಟ ಊರು ನಮ್ಮದು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದರು. ಬೆಳಿಗ್ಗೆ ಚಿಂತನ, ಆಮೇಲೆ ವಾರ್ತೆ, ಪ್ರದೇಶ ಸಮಾಚಾರ, ಸಂಜೆ ಕೃಷಿರಂಗ. ರೇಡಿಯೋ ಹೇಳುತ್ತಿತ್ತು, ಮನೆಮಂದಿ ಕೇಳುತ್ತಿದ್ದರು. ಎದುರುತ್ತರ ಕೊಡಬೇಕೆನಿಸಿದರೆ ಅಜ್ಜ ಪೆಟ್ಟಿಗೆಯನ್ನೇ ಬೈಯುತ್ತಿದ್ದರು, ಅದಕ್ಕೆ ಕೇಳಿಸುತ್ತಿರಲಿಲ್ಲ. ಇಲ್ಲಿ ನೋಡಿದರೆ ಪ್ಲಂಬರ್ ಒಬ್ಬ ಫೋನ್ ಮಾಡಿ ಗವರ್ನರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾನೆ, ಸ್ಕೂಲ್ ಬೋರ್ಡಿನ ಲೆಕ್ಕ ಕೇಳುತ್ತಿದ್ದಾನೆ! ಅವನ ಅರ್ಧ ಮಾತು ನಮಗೆ ಒಪ್ಪಿಗೆಯಾಗಲಿಲ್ಲ. ಆದರೂ, ಸುಳ್ಳೇಕೆ, ಹೊಟ್ಟೆಕಿಚ್ಚಾಯಿತು.

ಈ ರೇಡಿಯೋ ಹೀಗಾದದ್ದಕ್ಕೆ ಒಂದು ಚರಿತ್ರೆಯಿದೆ, ಬೇಗ ಹೇಳಿ ಮುಗಿಸುತ್ತೇವೆ. ವಿವಾದದ ವಿಷಯಗಳನ್ನು ಪ್ರಸಾರ ಮಾಡಬೇಕು, ಮಾಡುವಾಗ ಬೇರೆ ಬೇರೆ ಅಭಿಪ್ರಾಯಗಳಿಗೂ ಎಡೆ ಕೊಡಬೇಕು ಎಂಬ ಫೇರ್‌ನೆಸ್ ಡಾಕ್ಟ್ರಿನ್ ಎಂಬ ನಿಯಮ 1949ರಿಂದ ಇತ್ತು. 1987ರಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಸಂಗೀತವೆಲ್ಲ ಎಫ್.ಎಂ.ಗೆ ಹೋಗಿ ಎ.ಎಂ. ಸ್ಟೇಷನ್ನುಗಳು ಬಿಕೋ ಎನ್ನುತ್ತಿದ್ದವು. 1988ರ ಆಗಸ್ಟಿನಲ್ಲಿ ರಷ್ ಲಿಂಬಾ ದೇಶಕ್ಕೆಲ್ಲ ಕೇಳುವಂತೆ ಮಾತಾಡಲು ಶುರುಮಾಡಿದರು. 1994ರ ಚುನಾವಣೆಯಲ್ಲಿ ನಲವತ್ತು ವರ್ಷಗಳ ನಂತರ ರಿಪಬ್ಲಿಕನ್ನರು ಹೌಸ್ ಗೆದ್ದಾಗ, ಹೊಸದಾಗಿ ಗೆದ್ದವರು ಅವರನ್ನು ತಮ್ಮ ಗೌರವ ಸದಸ್ಯರೆಂದು ಕರೆದುಕೊಂಡರು. 2021ರ ಫೆಬ್ರವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಅವರದೇ ದೊಡ್ಡ ದನಿ. ಆದರೆ ದೊಡ್ಡವರ ಕತೆ ಎಲ್ಲರಿಗೂ ಗೊತ್ತು. ನಾವು ಹೇಳಬೇಕೆಂದಿರುವುದು ನಮ್ಮ ನ್ಯಾಶ್‌ವಿಲ್ಲಿನವರ ಬಗ್ಗೆ, ಫಿಲ್ ವ್ಯಾಲೆಂಟೈನ್ ಬಗ್ಗೆ.

ವ್ಯಾಲೆಂಟೈನ್ ಹುಟ್ಟಿದ್ದು ನಾರ್ತ್ ಕೆರೊಲೈನಾದಲ್ಲಿ. ತಮಾಷೆಯೆಂದರೆ ಆ ಊರಿನ ಹೆಸರೂ ನ್ಯಾಶ್‌ವಿಲ್ಲೇ. ತಂದೆ ಡೆಮಾಕ್ರಟಿಕ್ ಪಕ್ಷದ ಕಾಂಗ್ರೆಸ್ ಸದಸ್ಯರು. ಮಗ ಬೇರೆ ದಾರಿ ಹಿಡಿದರು. ನಾವು ಇಲ್ಲಿಗೆ ಬರುವ ಐದು ವರ್ಷ ಮೊದಲು, 2001ರಲ್ಲಿ, ಡಾನ್ ಸಂಡ್‌ಕ್ವಿಸ್ಟ್ ಎಂಬ ರಿಪಬ್ಲಿಕನ್ ಗವರ್ನರರೇ ರಾಜ್ಯಕ್ಕೊಂದು ಆದಾಯ ತೆರಿಗೆ ಬೇಕೆಂದು ಪಟ್ಟುಹಿಡಿದಿದ್ದರು. ಜುಲೈ ತಿಂಗಳ ಒಂದು ಸಂಜೆ ಸೆನೆಟ್ಟಿನಲ್ಲಿ ಅದು ಮತಕ್ಕೆ ಬರಲಿದೆಯೆಂಬ ಸುಳಿವನ್ನು ಆಗ ರಾಜ್ಯದ ಸೆನೆಟರ್ ಆಗಿದ್ದ ಮಾರ್ಷಾ ಬ್ಲ್ಯಾಕ್‌ಬರ್ನ್ ರೇಡಿಯೋದವರಿಗೆ ಮುಟ್ಟಿಸಿದರು. ವ್ಯಾಲೆಂಟೈನ್ ಮತ್ತು ಸ್ಟೀವ್ ಗಿಲ್ ರೇಡಿಯೋದಲ್ಲಿ ಕೂಗಿ ಹೇಳಿದ್ದೇ ತಡ, ಜನ ಕ್ಯಾಪಿಟಲ್ಲಿಗೆ ನುಗ್ಗಿದರು. ಕಾರುಗಳು ಹಾರ್ನ್ ಹೊಡೆಯುತ್ತ ಕಟ್ಟಡವನ್ನು ಪ್ರದಕ್ಷಿಣೆ ಹಾಕಿದವು. ಕಿಟಕಿಯ ಗಾಜೂ ಒಡೆಯಿತು. ಆ ತೆರಿಗೆ ಅಂದು ಪಾಸಾಗಲಿಲ್ಲ, ಮುಂದೆಯೂ ಆಗಲಿಲ್ಲ. 2002ರಲ್ಲಿ ಅದರ ಬದಲು ಸೇಲ್ಸ್ ಟ್ಯಾಕ್ಸನ್ನು ಶೇಕಡಾ 6ರಿಂದ 7ಕ್ಕೆ ಏರಿಸಿದರು. 2014ರಲ್ಲಿ ಮತದಾರರು ಆದಾಯ ತೆರಿಗೆಯನ್ನು ರಾಜ್ಯದ ಸಂವಿಧಾನದಲ್ಲೇ ನಿಷೇಧಿಸಿದರು. ಬ್ಲ್ಯಾಕ್‌ಬರ್ನ್ 2002ರಲ್ಲಿ ಕಾಂಗ್ರೆಸ್ಸಿಗೂ 2018ರಲ್ಲಿ ಅಮೆರಿಕದ ಸೆನೆಟ್ಟಿಗೂ ಗೆದ್ದರು. ಒಂದು ಸಂಜೆಯ ರೇಡಿಯೋ ಮಾತು ಎಷ್ಟು ದೂರ ಹೋಯಿತು ನೋಡಿ.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ರೆಸಿಡೆನ್ಸಿ ಮುಗಿದ ಮೇಲೆ ಎರಡು ರಾಜ್ಯಗಳಿಂದ ಕೆಲಸ ಬಂದಿತ್ತು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂತು, ಟೆನೆಸಿಯಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದುಕೊಂಡವರು ನಾವು. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನ ಹಾಗೆ ಬರೆದುಕೊಂಡಿದ್ದೀರಿ ಎಂದು ಕೈಯೆತ್ತಲು ಹೇಳುವುದಿಲ್ಲ. ಆ ಹಾರ್ನುಗಳ ಫಲ ತಿಂದವರು ನಾವೂ ಹೌದು.

ಅದೇ ಹೊತ್ತಿಗೆ ಕ್ಲಿನಿಕ್ಕಿನಲ್ಲಿ ನೋಡಿದ್ದು ಇನ್ನೊಂದು. ಬಡವರ ಆರೋಗ್ಯ ವಿಮೆಯಾದ ಟೆನ್‌ಕೇರಿನ ಖರ್ಚು ರಾಜ್ಯಕ್ಕೆ ಭಾರವಾಗಿ, 2005ರಲ್ಲಿ ಸುಮಾರು 1,70,000 ವಯಸ್ಕರನ್ನು ಅದರಿಂದ ಕೈಬಿಟ್ಟಿದ್ದರು. ಕೈಬಿಟ್ಟವರು ಡೆಮಾಕ್ರಟಿಕ್ ಗವರ್ನರ್ ಫಿಲ್ ಬ್ರೆಡೆಸನ್. ಪಕ್ಷದ ಹೆಸರು ನೋಡಿ ರೋಗ ನಿರ್ಣಯ ಮಾಡುವವರಿಗೆ ಇದನ್ನು ಹೇಳಿದೆವು. ತೆರಿಗೆ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಎದೆತಟ್ಟಿ ಹೇಳಲಾರೆವು, ಆ ಯೋಜನೆಗೆ ಅದರದೇ ಆದ ರೋಗಗಳಿದ್ದವು. ಆದರೆ ಮಾರನೆಯ ವರ್ಷ ಬಂದ ನಮ್ಮ ಮುಂದೆ ಇನ್ಸುಲಿನ್ ಬಾಟಲಿಯನ್ನು ದಿನ ಬಿಟ್ಟು ದಿನ ಬಳಸಿ ಉಳಿಸುತ್ತಿದ್ದವರು ಕೂತಿದ್ದರು. ಅವರು ಅಕ್ಕಿಗೂ ಬೇಳೆಗೂ ತೆರಿಗೆ ಕೊಡುತ್ತಿದ್ದರು. ಈ ರಾಜ್ಯದಲ್ಲಿ ದಿನಸಿಗೂ ಸೇಲ್ಸ್ ಟ್ಯಾಕ್ಸ್ ಇರುವುದು ನಿಮ್ಮ ತೊಗರಿಬೇಳೆಯ ಬಿಲ್ಲಿನಲ್ಲೇ ಕಾಣುತ್ತದೆ. ನಮ್ಮ ಸಂಬಳಕ್ಕೆ ಆ ಬಿಲ್ಲು ಲೆಕ್ಕಕ್ಕಿಲ್ಲ. ಅವರ ಸಂಬಳಕ್ಕೆ ಇದೆ. ಇದನ್ನು ಹೇಳಲು ಯಾರಾದರೂ ರೇಡಿಯೋಗೆ ಫೋನ್ ಮಾಡಿದ್ದು ನಮಗೆ ಕೇಳಿಸಲಿಲ್ಲ. ನಾವೂ ಮಾಡಲಿಲ್ಲ.

ಇನ್ನು ಸ್ವಾತಂತ್ರ್ಯದ ಮಾತು. ಟಾಕ್ ರೇಡಿಯೋದಲ್ಲಿ ಉಸಿರಿಗೊಮ್ಮೆ ಬರುವ ಪದ ಅದು. ಊರಿನಲ್ಲಿದ್ದಿದ್ದರೆ ನಾವು ನಗುತ್ತಿದ್ದೆವೇನೋ. ಅಲ್ಲಿ ಡಾಕ್ಟರು ಹೇಳಿದರೆ ರೋಗಿ ತಲೆಯಾಡಿಸುತ್ತಾನೆ, "ನೀವು ದೇವರಿದ್ದ ಹಾಗೆ, ನೋಡಿ ಏನಾದರೂ ಮಾಡಿ" ಎನ್ನುತ್ತಾನೆ. ಇಲ್ಲಿ ಬಂದ ಮೊದಲ ತಿಂಗಳಲ್ಲೇ ನಮಗೆ ಕಲಿಸಿದ್ದು, ಬುದ್ಧಿ ಸ್ಥಿಮಿತದಲ್ಲಿರುವ ರೋಗಿ ಬೇಡವೆಂದರೆ ಬೇಡ, ಅದು ಅವನ ಹಕ್ಕು ಎಂದು. ಪ್ರಾಣ ಉಳಿಸುವ ಶಸ್ತ್ರಚಿಕಿತ್ಸೆಯೇ ಆದರೂ. ಅದನ್ನು ಅರಗಿಸಿಕೊಳ್ಳಲು ನಮಗೆ ವರ್ಷ ಹಿಡಿಯಿತು. ಹಾಗಾಗಿ ರೇಡಿಯೋದವರು ನನ್ನ ಮೈ, ನನ್ನ ತೀರ್ಮಾನ ಎಂದಾಗ ಅದು ನಮಗೆ ಪರಕೀಯವೆನಿಸಲಿಲ್ಲ. ನಮ್ಮ ಕನ್ಸೆಂಟ್ ಫಾರಂ ಹೇಳುವುದೂ ಅದನ್ನೇ ಅಲ್ಲವೇ?

2021 ಬಂತು. ಲಸಿಕೆ ಬಂದಿತ್ತು. ವ್ಯಾಲೆಂಟೈನ್ ಲಸಿಕೆಯ ಕಡು ವಿರೋಧಿಯೇನೂ ಆಗಿರಲಿಲ್ಲ, ಅಪಾಯ ಹೆಚ್ಚಿರುವವರು ಡಾಕ್ಟರನ್ನು ಕೇಳಲಿ ಎನ್ನುತ್ತಿದ್ದರು. ತನಗೆ ಮಾತ್ರ ಕೋವಿಡ್ ಬಂದರೂ ಸಾಯುವ ಸಂಭವ ಶೇಕಡಾ ಒಂದಕ್ಕಿಂತ ಬಹಳ ಕಡಿಮೆ ಎಂದು ಲೆಕ್ಕಹಾಕಿದ್ದರು. ಲಸಿಕೆಯನ್ನು ಗೇಲಿಮಾಡುವ ಒಂದು ಹಾಡನ್ನೂ ಪ್ರಸಾರ ಮಾಡಿದ್ದರು. ನಮ್ಮ ಕ್ಲಿನಿಕ್ಕಿಗೆ ಬರುವ ಟ್ರಕ್ ಡ್ರೈವರ್ ಒಬ್ಬರಿದ್ದಾರೆ. ವಯಸ್ಸು ಅರವತ್ತರ ಹತ್ತಿರ, ಸಕ್ಕರೆ, ಬಿ.ಪಿ. ಎರಡೂ ಉಂಟು. ಲಸಿಕೆ ಹಾಕಿಸಿಕೊಳ್ಳಿ ಎಂದು ಮೂರು ಸಲ ಹೇಳಿದೆವು. ಮೂರನೆಯ ಸಲ ಅವರು ಕೋಪವಿಲ್ಲದೆ ಹೇಳಿದ್ದು ಹೀಗೆ: "ಡಾಕ್, ನೀವು ಒಳ್ಳೆಯವರು. ಆದರೆ ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷ ನನ್ನ ಜೊತೆ ಮಾತಾಡುತ್ತೀರಿ, ಅದರಲ್ಲೂ ಅರ್ಧ ಹೊತ್ತು ಕಂಪ್ಯೂಟರ್ ನೋಡುತ್ತೀರಿ. ಫಿಲ್ ದಿನಾ ನನ್ನ ಪಕ್ಕದಲ್ಲೇ ಕೂತಿರುತ್ತಾನೆ."

ನಮ್ಮ ಬಳಿ ಉತ್ತರವಿರಲಿಲ್ಲ. ಕಂಪ್ಯೂಟರಿನ ಮಾತಂತೂ ನಿಜ.

ಜುಲೈಯಲ್ಲಿ ವ್ಯಾಲೆಂಟೈನ್ ಅವರಿಗೇ ಕೋವಿಡ್ ಬಂತು. ಆಸ್ಪತ್ರೆ ಸೇರಿದ ಮೇಲೆ ಮನೆಯವರು ಹೇಳಿಕೆ ಕೊಟ್ಟರು: ಲಸಿಕೆಯ ಪರವಾಗಿ ಇನ್ನಷ್ಟು ಗಟ್ಟಿಯಾಗಿ ಮಾತಾಡಲಿಲ್ಲವಲ್ಲ ಎಂದು ಅವರಿಗೆ ಪಶ್ಚಾತ್ತಾಪವಾಗಿದೆ, ಕೇಳುಗರು ಹಾಕಿಸಿಕೊಳ್ಳಲಿ ಎಂಬುದು ಅವರ ಇಚ್ಛೆ. ಆಗಸ್ಟ್ 21ರಂದು, 61ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅದೇ ತಿಂಗಳು ಫ್ಲಾರಿಡಾದ ಇನ್ನಿಬ್ಬರು ಇಂಥದೇ ರೇಡಿಯೋ ಮಾತುಗಾರರು ಕೋವಿಡ್‌ಗೆ ಬಲಿಯಾದರು. ಆಗ ಕೆಲವರು ಇದನ್ನು ಹೇಳಿಕೊಂಡು ನಕ್ಕರು. ನಮ್ಮ ಕನ್ನಡದವರ ಒಂದು ಊಟದ ಮನೆಯಲ್ಲೂ ಆ ನಗು ಕೇಳಿದೆವು. ಆ ವಾರ ಐ.ಸಿ.ಯು.ನಲ್ಲಿ ಕೆಲಸ ಮಾಡುತ್ತಿದ್ದವರಿಗೆ ನಗು ಬರಲಿಲ್ಲ. ಒಬ್ಬರ ತೀರ್ಮಾನ ಅವರ ಮೈಗೇ ಮುಗಿಯುತ್ತದೆ ಎಂಬ ಕಡೆಯಲ್ಲೇ ನಮಗೂ ರೇಡಿಯೋದವರಿಗೂ ಭಿನ್ನಾಭಿಪ್ರಾಯ. ಹಾಸಿಗೆಗಳೆಲ್ಲ ತುಂಬಿದ್ದಾಗ ಎದೆನೋವೆಂದು ಬಂದ ಇನ್ನೊಬ್ಬರು ವರಾಂಡದಲ್ಲಿ ಸ್ಟ್ರೆಚರಿನ ಮೇಲೆ ಕಾದಿದ್ದರು. ಅವರು ಯಾವ ರೇಡಿಯೋ ಕೇಳುತ್ತಿದ್ದರೋ ನಾವು ಕೇಳಲಿಲ್ಲ.

ಮನೆಯವರ ಆ ಹೇಳಿಕೆ ಬಂದ ಮುಂದಿನ ವಾರ ನಮ್ಮ ಟ್ರಕ್ ಡ್ರೈವರ್ ಅಪಾಯಿಂಟ್‌ಮೆಂಟ್ ಇಲ್ಲದೆ ಬಂದು ತೋಳು ಮಡಿಸಿದರು. "ನಿಮ್ಮ ಮಾತಿಗಲ್ಲ, ಫಿಲ್ ಹೇಳಿದನಂತೆ, ಅದಕ್ಕೆ" ಎಂದರು. ಆಗಲಿ ಎಂದೆವು. ಅವರಷ್ಟೇ ವಯಸ್ಸಿನ ಇನ್ನೊಬ್ಬ ರೋಗಿ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಅವರ ಮರಣಪತ್ರಕ್ಕೆ ಸಹಿ ಮಾಡಿದೆವು.

ಕಂಪ್ಯೂಟರನ್ನು ಈಗ ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದೇವೆ. ಟಿಪ್ಪಣಿಗಳನ್ನು ರಾತ್ರಿ ಮನೆಯಲ್ಲಿ ಬರೆಯುತ್ತೇವೆ, ಮಗಳು ಗೊಣಗುತ್ತಾಳೆ. ಆ ಡ್ರೈವರ್ ಜೊತೆ ತೆರಿಗೆಯ ಬಗ್ಗೆಯೂ ಒಮ್ಮೆ ವಾದವಾಯಿತು; ನಾವು ಗೆಲ್ಲಲಿಲ್ಲ.

ಮೊನ್ನೆ ಮಗಳೇ ಕೇಳಿದಳು, ಇಷ್ಟೆಲ್ಲ ಕಾರಿನೊಳಗೆ ಕೂಗಾಡುತ್ತೀರಲ್ಲ, ನೀವೇ ಯಾಕೆ ಫೋನ್ ಮಾಡಬಾರದು ಎಂದು. ಮಾಡಿದೆವು. ಹದಿನೇಳು ವರ್ಷ ಕೇಳಿದ ಮೇಲೆ ಮೊದಲ ಸಲ. ಒಬ್ಬ ಹುಡುಗ ಫೋನ್ ಎತ್ತಿ ಹೆಸರು, ಊರು, ವಿಷಯ ಕೇಳಿ ಕಾಯಿರಿ ಎಂದ. ದಿನಸಿಯ ಮೇಲಿನ ತೆರಿಗೆ ಎಂದೆವು. ಕಾದೆವು. ಚಿನ್ನದ ಜಾಹೀರಾತು ಬಂತು, ಮಂಡಿನೋವಿನ ಮಾತ್ರೆಯ ಜಾಹೀರಾತು ಬಂತು (ಅದರಲ್ಲಿ ಹೇಳಿದ ಒಂದು ಮಾತೂ ನಿಜವಲ್ಲ, ಕೊಳ್ಳಬೇಡಿ). ಮೂವತ್ತೈದು ನಿಮಿಷ ಕಳೆದು ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡದೊಳಕ್ಕೆ ಇಳಿದಾಗ ಲೈನ್ ಕಡಿದುಹೋಯಿತು. ಮುಂದಿನ ಸಲ ರಸ್ತೆ ಬದಿಯಲ್ಲೇ ಕಾರು ನಿಲ್ಲಿಸಿ ಮಾಡಬೇಕೆಂದಿದ್ದೇವೆ.

ಅಡುಗೆಯವರು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಾರೆ.